ಚಕ್ಕುಲಿಯ ಉಪ್ಪು

ಸೊರಬದ ಕೆಂಪಪ್ಪನ ಮನೆಯ ಜಗಲಿಯಲ್ಲಿ ಕೂತು ಹುಚ್ಚರಾಯಪ್ಪ ಒಂದು ಚಕ್ಕುಲಿ ತಿಂದುಬಿಟ್ಟ. ಮುಂದೆ ಆರು ವಾರ ಶಿಕಾರಿಪುರದ ಅವನ ಮನೆಯಲ್ಲಿ ನಡೆದ ರಾಮಾಯಣವೆಲ್ಲ ಆ ಚಕ್ಕುಲಿಯಿಂದಲೇ ಶುರುವಾದದ್ದು.

ಅವರು ಹೋಗಿದ್ದು ಮೊಮ್ಮಗಳು ಸ್ಪಂದನಳಿಗೆ ಬಂದಿದ್ದ ಸಂಬಂಧದ ಮನೆ ನೋಡುವುದಕ್ಕೆ. ಅವರ ಮನೆತನದಲ್ಲಿ ಇದಕ್ಕೊಂದು ಕಟ್ಟುಪಾಡು ಇತ್ತು. ಗಂಡಿನ ಮನೆ ನೋಡಲು ಹೋದವರು ಬೆಲ್ಲ ತಿನ್ನಬಹುದು, ಬಾಳೆಹಣ್ಣು ತಿನ್ನಬಹುದು, ಕಾಫಿ ಕುಡಿಯಬಹುದು. ಉಪ್ಪು ಬಿದ್ದದ್ದನ್ನು ಮಾತ್ರ ಬಾಯಿಗಿಡಬಾರದು. ಉಪ್ಪು ತಿಂದರೆ ಸಂಬಂಧ ಒಪ್ಪಿದ ಹಾಗೆ. ಅದರಲ್ಲೂ ಮನೆಯ ಯಜಮಾನ ತಿಂದನೆಂದರೆ ಮಾತು ಕೊಟ್ಟ ಹಾಗೇ ಲೆಕ್ಕ. ಸೊರಬದವರಿಗೂ ಇದೇ ಪದ್ಧತಿ.

ಹುಚ್ಚರಾಯಪ್ಪನ ಹೆಂಡತಿ ಹೂವಮ್ಮನಿಗೆ ವಿಷಯ ಗೊತ್ತಾದದ್ದು ವಾಪಸು ಬರುವ ಬಸ್ಸಿನಲ್ಲಿ. ಗಂಡನ ಟವೆಲಿನ ಮಡಿಕೆಯಲ್ಲಿ ಎಳ್ಳು ಅಂಟಿದ ಒಂದು ತುಣುಕು ಕಂಡಿತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದೇನ್ರಿ ಇದು?"

"ಚಕ್ಲಿ."

"ತಿಂದ್ರ್ಯಾ?"

"ಒಂದೇ ಒಂದು. ತಟ್ಟೆ ಮುಂದಿಟ್ರು, ಕೈ ಹೋತು."

"ಉಪ್ಪು ಮುಟ್ಟಬಾರ್ದು ಅಂತ ಮನೇಲಿ ಬಡ್ಕಂಡಿದ್ದೆ."

"ಚಕ್ಲಿ ಉಪ್ಪಿನ ಲೆಕ್ಕಕ್ಕೆ ಬರ್ತೈತೇನೆ? ಅದು ತಿಂಡಿ."

"ಚಕ್ಲಿಗೆ ಉಪ್ಪು ಹಾಕದೆ ಸಕ್ರಿ ಹಾಕ್ತಾರಾ?"

ಹಿಂದಿನ ಸೀಟಿನಲ್ಲಿದ್ದ ಮಗ ಶಿವರಾಮ, "ಅವ್ವಾ, ಬಸ್ಸಿನಾಗೆ ಬೇಡ" ಅಂದ. ಅವನ ಪಕ್ಕದಲ್ಲಿದ್ದ ಸೊಸೆ ಶ್ರೀಲತಾ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ನಕ್ಕದ್ದು ಹೂವಮ್ಮನಿಗೆ ಕಂಡಿತು. ಈ ಮನೆಯಲ್ಲಿ ಅವಳ ಮಾತಿಗೆ ನಗು ಬೀಳುವುದು ಹೊಸದೇನೂ ಅಲ್ಲ. ಹಾಲು ಉಕ್ಕುವ ಮೊದಲೇ ಒಲೆಯ ಮುಂದೆ ನಿಂತಿರುವವಳು ಅವಳು. ಮಗ ಗದ್ದೆಯಿಂದ ಅರ್ಧ ಗಂಟೆ ತಡವಾದರೆ ಬೀದಿಯ ತುದಿಗೆ ಹೋಗಿ ನಿಲ್ಲುವವಳೂ ಅವಳೇ. ಸ್ಪಂದನ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ, "ನಮ್ಮಜ್ಜಿ ಒಳ್ಳೆ ಟೆನ್ಶನ್ ಪಾರ್ಟಿ" ಅಂದಿದ್ದಳು. ಆ ಹೆಸರು ಮನೆಗೆ ಹೊಂದಿಕೊಂಡುಬಿಟ್ಟಿತು. ಈಗ ಹುಚ್ಚರಾಯಪ್ಪನೂ ಹಾಗೇ ಕರೆಯುತ್ತಾನೆ.

ಆದರೆ ಆ ದಿನ ಹೂವಮ್ಮನ ಎದೆಯಲ್ಲಿ ಕೂತಿದ್ದು ಬರೀ ಚಕ್ಕುಲಿ ಅಲ್ಲ. ಹುಡುಗ ಹರ್ಷವರ್ಧನ ಕಾಫಿ ತಂದಿದ್ದ. ಒಳ್ಳೆ ಎತ್ತರದ ಹುಡುಗ, ತಲೆ ತಗ್ಗಿಸಿಕೊಂಡು ಬಂದ. ಅವನ ಕೈಯಲ್ಲಿದ್ದ ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಟಿಣಿಟಿಣಿ ಅನ್ನುತ್ತಿದ್ದವು. ಅವಳ ಮುಂದೆ ಬಗ್ಗಿದಾಗ ಕೈ ಎಷ್ಟು ನಡುಗಿತೆಂದರೆ ಕಾಫಿ ಅವಳ ಸೀರೆಗೆ ಚೆಲ್ಲಿತು. ಹಣೆಯ ಮೇಲೆ ಬೆವರು ಬೇರೆ. ಮಾಘ ಮಾಸದ ಬೆಳಗ್ಗೆ ಯಾರಿಗೆ ಅಷ್ಟು ಬೆವರು ಬರುತ್ತದೆ?

ಅಂಥ ಕೈಯನ್ನು ಹೂವಮ್ಮ ಇನ್ನೊಂದು ಸಲ ನೋಡಿದ್ದಳು. ಇಪ್ಪತ್ತು ವರ್ಷದ ಹಿಂದೆ, ಮಗಳು ಸುನಿತಾಳ ಕೊರಳಿಗೆ ತಾಳಿ ಕಟ್ಟುವಾಗ. ಮೂರು ಗಂಟು ಹಾಕಲು ಆ ಅಳಿಯನಿಗೆ ಪಕ್ಕದವರು ಕೈ ಹಿಡಿಯಬೇಕಾಯಿತು. ಹೂವಮ್ಮ ಅಲ್ಲೇ ಗಂಡನ ಕಿವಿಯಲ್ಲಿ ಹೇಳಿದಳು. "ಸುಮ್ನಿರು, ನಿಂದೊಂದು ಗಾಬ್ರಿ" ಅಂದಿದ್ದ ಹುಚ್ಚರಾಯಪ್ಪ. ಅಳಿಯ ಬೆಳಗಾಗುವ ಮೊದಲೇ ಕುಡಿಯುವವನು ಅಂತ ತಿಂಗಳೊಳಗೆ ಗೊತ್ತಾಯಿತು. ಹನ್ನೊಂದು ವರ್ಷ ಸಹಿಸಿಕೊಂಡು ಸುನಿತಾ ತವರಿಗೆ ವಾಪಸು ಬಂದಳು. ಈಗ ನಡುಮನೆಯ ಕಿಟಕಿ ಪಕ್ಕ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಆ ಮಿಷನ್ನಿನ ಸದ್ದು ಕೇಳಿದಾಗಲೆಲ್ಲ ಹೂವಮ್ಮನಿಗೆ ಅವತ್ತು ತಾನು ಜೋರಾಗಿ ಹೇಳಬೇಕಿತ್ತು ಅನ್ನಿಸುತ್ತದೆ.

ಈ ಸಲ ಜೋರಾಗಿಯೇ ಹೇಳುವುದು ಅಂತ ತೀರ್ಮಾನ ಮಾಡಿದಳು.

ಎರಡು ದಿನ ಬಿಟ್ಟು ಕೆಂಪಪ್ಪನ ಫೋನು ಬಂತು. ಎಲ್ಲರೂ ಊಟಕ್ಕೆ ಕೂತಿದ್ದರು. ಶಿವರಾಮ ಎಡಗೈಯಲ್ಲಿ ಸ್ಪೀಕರ್ ಒತ್ತಿದ.

"ಶಿವರಾಮಣ್ಣ, ಕೆಂಪಪ್ಪ ಮಾತಾಡದು. ಹಿರಿಯರು ನಮ್ಮನೆ ಉಪ್ಪು ಮುಟ್ಟಿ ಹೋದ್ರು, ಭಾಳ ಸಂತೋಷ ಆಯ್ತು ಮಾರಾಯ್ರೆ. ನಮ್ಮ ಮನೆಯವ್ರಂತೂ ಊರಿಗೆಲ್ಲ ಹೇಳ್ಕಂಡು ಬಂದಾಯ್ತು. ಶಾಸ್ತ್ರಕ್ಕೆ ಒಂದು ದಿನ ನೋಡ್ಕಳಣ ಅಲ್ದಾ?"

ಶಿವರಾಮ ಅಪ್ಪನ ಮುಖ ನೋಡಿದ. ಅಪ್ಪ ತಟ್ಟೆ ನೋಡಿಕೊಂಡ.

"ನೋಡಣ ನೋಡಣ. ಮನೇಲಿ ಮಾತಾಡಿ ಹೇಳ್ತೀನ್ರಿ" ಅಂದು ಶಿವರಾಮ ಫೋನು ಇಟ್ಟ.

"ಕೇಳಿದ್ರಾ? ಊರಿಗೆಲ್ಲ ಹೇಳ್ಯಾರಂತೆ" ಅಂದಳು ಹೂವಮ್ಮ.

"ಒಳ್ಳೆ ಸಂಬಂಧ ಅತ್ತೆ" ಅಂತ ಶ್ರೀಲತಾ ಸಾರು ಬಡಿಸಿದಳು. "ಸ್ವಂತ ಅಂಗಡಿ ಐತೆ, ಮೋಟಾರು ವೈಂಡಿಂಗು. ಮೂರು ತಾಲ್ಲೂಕಿಂದ ಪಂಪ್‌ಸೆಟ್ ಬರ್ತಾವಂತೆ."

"ಅವನ ಕೈ ನೋಡಿದ್ಯಾ?"

"ಹೊಸಬ್ರ ಮುಂದೆ ಸ್ವಲ್ಪ ನಡುಗಿರ್ಬೋದು."

"ಸ್ವಲ್ಪ? ನನ್ನ ಸೀರೆ ನೆನೆದೋತು."

"ಅವ್ವಾ, ಒಂದು ಸೀರೆಗೋಸ್ಕರ ಸಂಬಂಧ ಬಿಡಕಾಗ್ತೈತಾ?" ಅಂದ ಶಿವರಾಮ. "ನಿಂದು ಯಾವಾಗ್ಲೂ ಇದೇ. ಟೆನ್ಶನ್ ಪಾರ್ಟಿ."

ಎಲ್ಲರೂ ನಕ್ಕರು. ಸುನಿತಾ ಮಾತ್ರ ನಗಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಇನ್ನೊಬ್ಬಳೂ ನಗಲಿಲ್ಲ, ಸ್ಪಂದನ. ಅವಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ನೀನೇನಂತೀಯೆ?" ಅಂತ ಹೂವಮ್ಮ ಕೇಳಿದಳು.

"ನಂಗೆ ಒಪ್ಗೆ ಅಜ್ಜಿ."

"ಹುಡುಗನ್ನ ಬರೀ ಫೋಟೋದಾಗೆ ನೋಡಿದ್ದಕ್ಕೇ ಒಪ್ಗೆನಾ?"

"ಹ್ಞೂಂ" ಅಂದು ಹುಡುಗಿ ಎದ್ದುಹೋದಳು. ಹೂವಮ್ಮನ ಅನುಮಾನಕ್ಕೆ ಇನ್ನೊಂದು ಗಂಟು ಬಿತ್ತು. ಹಿಂದೆ ಬಂದ ನಾಲ್ಕು ಸಂಬಂಧಗಳಿಗೆ ಮೂಗು ಮುರಿದ ಹುಡುಗಿ ಈ ನಡುಗುವ ಕೈಯನ್ನು ಯಾಕೆ ಒಪ್ಪಿದಳು? ಸಂಬಂಧ ತಂದ ಪರಮಶಿವಪ್ಪ ಏನಾದರೂ ತಲೆ ತುಂಬಿದನೋ? ಮಗ ಸೊಸೆ ಏನಾದರೂ ಹೆದರಿಸಿದರೋ? ಆ ವಾರವೆಲ್ಲ ಮೆಕ್ಕೆಜೋಳ ಹರವುತ್ತಾ, ಸಂಜೆ ಬಳಿದು ಗುಡ್ಡೆ ಹಾಕುತ್ತಾ ಅವಳಿಗೆ ಇದೇ ಯೋಚನೆ. ಅವಳು ಹತ್ತಿರ ಹೋದರೆ ಸೊಸೆ ಫೋನಿನಲ್ಲಿ ಮಾತು ನಿಲ್ಲಿಸುತ್ತಿದ್ದಳು. ಮಗ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದ. ಹೇಳಿದರೆ ಗಾಬರಿಯಾಗುತ್ತಾಳೆ ಅಂತ ಅವರು ಮುಚ್ಚಿಡುವುದು, ಮುಚ್ಚಿಟ್ಟರು ಅಂತ ಇವಳು ಗಾಬರಿಯಾಗುವುದು. ಎಷ್ಟೋ ವರ್ಷದಿಂದ ಆ ಮನೆ ನಡೆದುಕೊಂಡು ಬಂದಿದ್ದೇ ಹಾಗೆ.

ಬಳೆ ಮಾರುವ ರಮಾಬಾಯಿ ಬಂದದ್ದು ಅದೇ ವಾರ. ವಾರಕ್ಕೊಮ್ಮೆ ಸೊರಬದ ಸಂತೆಗೂ ಹೋಗುವವಳು. ಹೂವಮ್ಮ ಅವಳಿಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟು ಕೂರಿಸಿಕೊಂಡಳು. ಬಳೆಯ ಮಾತು ಮುಗಿಸಿ ಹುಡುಗನ ಹೆಸರು ಹೇಳಿದಳು.

"ಕೆಂಪಪ್ಪನ ಮಗ ಕುಡಿತಾನಾ, ನೋಡ್ಕಂಡು ಬಾ. ಯಾರ ಹತ್ರನೂ ಬಾಯಿ ಬಿಡಬೇಡ."

ಮುಂದಿನ ವಾರ ರಮಾಬಾಯಿ ಬುಟ್ಟಿ ಇಳಿಸುವ ಮೊದಲೇ ಮಾತು ಇಳಿಸಿದಳು.

"ಅಂಗಡಿ ಮುಂದೇನೇ ಕೂತು ಬಳೆ ಮಾರಿದೆ ಕಣಕ್ಕ. ಕೂದಲಿನಷ್ಟು ಸಣ್ಣ ತಂತಿ ಸುತ್ತತಾನೆ. ಕೈ ಒಂದಿಷ್ಟೂ ಅಲ್ಲಾಡಲ್ಲ."

ಹೂವಮ್ಮನ ಮುಖ ಕಪ್ಪಾಯಿತು. "ಅಂಗಡೀಲಿ ನಡುಗಲ್ವಾ?"

"ಇಲ್ಲ. ಅದು ಒಳ್ಳೇದೇ ಅಲ್ವೇನಕ್ಕ?"

"ನಮ್ಮ ಸುನಿತನ ಗಂಡನೂ ಹಂಗೇ. ಹೊಟ್ಟೆಗೆ ಬಿದ್ದಿದ್ರೆ ಕೈ ಗಟ್ಟಿ. ಇಳಿದಾಗ ನಡುಗೋದು. ಅವತ್ತು ನಾವು ಬರ್ತೀವಿ ಅಂತ ಕುಡಿದಿರ್ಲಿಲ್ಲ, ಅದಕ್ಕೇ ನಡುಗಿದಾನೆ."

ರಮಾಬಾಯಿ ಇನ್ನೊಂದು ಸುದ್ದಿ ತಂದಿದ್ದಳು. "ಮಂಗಳವಾರ ಮಂಗಳವಾರ ಅಂಗಡಿ ಬಾಗ್ಲು ಹಾಕ್ತಾನಂತೆ. ಶಿರಾಳಕೊಪ್ಪಕ್ಕೆ ಬಸ್ ಹತ್ತತಾನೆ. ಎದುರುಗಡೆ ಹೋಟ್ಲೋನು ಹೇಳಿದ. ಯಾಕೆ ಹೋಗ್ತಾನೆ ಅಂತ ಮನೆಯವ್ರಿಗೂ ಗೊತ್ತಿಲ್ಲಂತೆ. ಸಾಮಾನು ತರಕೆ ಅಂತಾನಂತೆ, ಬರೋದು ಮಾತ್ರ ಬರಿಗೈ."

ಮನೆಯವರಿಗೂ ಹೇಳದೆ ಹೋಗುವ ಜಾಗ ಅಂದರೆ ಹೂವಮ್ಮನ ಲೆಕ್ಕದಲ್ಲಿ ಎರಡೇ. ಒಂದು ಸಾರಾಯಿಯದು, ಇನ್ನೊಂದು ಹೆಂಗಸಿನದು. ಯಾವುದಾದರೂ ಸರಿ, ಕಣ್ಣಾರೆ ನೋಡಿ ಬಂದು ಮಗನ ಮುಖದ ಮೇಲೆ ಹೇಳಬೇಕು. ಆಗ ಯಾರು ನಗುತ್ತಾರೋ ನೋಡೋಣ ಅಂದುಕೊಂಡಳು.

ಮಂಗಳವಾರ ಬೆಳಗ್ಗೆ ಅವಳು ಸುನಿತಾಳ ಮಿಷನ್ನಿನ ಮುಂದೆ ನಿಂತಳು.

"ಏಳು, ಶಿರಾಳಕೊಪ್ಪಕ್ಕೆ ಹೋಗ್ಬೇಕು."

"ಯಾಕವ್ವ?"

ಹೂವಮ್ಮ ಹೇಳಿದಳು. ಸುನಿತಾ ದಾರ ಕತ್ತರಿಸಿ ಎದ್ದಳು. "ನಡಿ. ನಂಗೆ ಆದದ್ದು ಅವಳಿಗಾಗೋದು ಬೇಡ."

ಮನೆಯಲ್ಲಿ ಹೇಳಿದ್ದು ದಾರದ ಉಂಡೆ ತರಬೇಕು ಅಂತ. ಸ್ಪಂದನ ಆಗಲೇ ಮೊದಲಿನ ಬಸ್ಸಿಗೆ ಶಿರಾಳಕೊಪ್ಪಕ್ಕೆ ಹೋಗಿದ್ದಳು. ಡಿಗ್ರಿ ಮುಗಿಸಿದ ಮೇಲೆ ಮಂಗಳವಾರ, ಶುಕ್ರವಾರ ಅಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಕೆಲಸ ಮುಗಿದರೆ ಮೂವರೂ ಒಟ್ಟಿಗೆ ವಾಪಸಾಗಬಹುದು ಅಂತ ಹೂವಮ್ಮ ಯೋಚಿಸಿದಳು.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತರು. ಹತ್ತೂವರೆಗೆ ಸೊರಬದ ಬಸ್ಸು ಬಂತು. ಹರ್ಷವರ್ಧನ ಇಳಿದ. ಇಳಿದವನು ಅತ್ತ ಇತ್ತ ನೋಡಿ ಬೇಗಬೇಗ ನಡೆದ.

"ನೋಡ್ದ್ಯಾ, ಕಳ್ಳನಂಗೆ ಹೆಂಗೆ ನೋಡ್ತಾನೆ" ಅಂದಳು ಹೂವಮ್ಮ.

ಅವನು ಬಾರಿನ ಮುಂದೆ ಹಾದ. ಒಳಗೆ ಹೋಗಲಿಲ್ಲ. ಎರಡು ತಿರುವು ದಾಟಿ ಒಂದು ಆಸ್ಪತ್ರೆಯ ಗೇಟಿನೊಳಗೆ ಹೋದ. ಹಿಂದಿನ ಕಟ್ಟಡದ ವರಾಂಡದಲ್ಲಿ ಸಾಲಾಗಿ ಬೆಂಚುಗಳು, ಹತ್ತು ಹದಿನೈದು ಜನ. ಹೂವಮ್ಮ ಗೇಟಿನ ಹತ್ತಿರವಿದ್ದ ಆಯಾಳನ್ನು ಕೇಳಿದಳು.

"ಅಲ್ಲೇನು ನಡೀತೈತವ್ವ?"

"ಮಂಗಳವಾರದ ಡಾಕ್ಟ್ರು. ಶಿವಮೊಗ್ಗದಿಂದ ಬರ್ತಾರೆ. ಗಾಬರಿ, ನಿದ್ದೆ ಬರದಿರದು, ಎದೆ ಡವಡವ ಅನ್ನದು, ಮನಸ್ಸಿಂದು ಇಂಥವಕ್ಕೆಲ್ಲ ನೋಡ್ತಾರೆ." ಆಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗಾ? ಚೀಟಿ ಮಾಡಿಸ್ಬೇಕು."

"ನಂಗಲ್ಲ" ಅಂದಳು ಹೂವಮ್ಮ.

ಅಷ್ಟರಲ್ಲಿ ಸುನಿತಾ ಅವಳ ತೋಳು ಹಿಡಿದು ಎಳೆದಳು. ಮೂರನೇ ಬೆಂಚಿನ ತುದಿಯಲ್ಲಿ ಹರ್ಷವರ್ಧನ ಕೂತಿದ್ದ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಸ್ಪಂದನ ಇದ್ದಳು. ನಡುವೆ ಒಂದು ಪೊಟ್ಟಣ ಹುರಿಗಡಲೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಪೊಟ್ಟಣಕ್ಕೆ ಕೈ ಹಾಕುತ್ತಿದ್ದರು, ಅಷ್ಟೇ.

ಊರನ್ನೆಲ್ಲ ಅನುಮಾನಿಸಿದ ಹೂವಮ್ಮ ಮೊಮ್ಮಗಳ ಕಂಪ್ಯೂಟರ್ ಕ್ಲಾಸನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ. ಗೋಡೆ ಹಿಡಿದುಕೊಂಡಳು.

ಸ್ಪಂದನ ಮೊದಲು ನೋಡಿದಳು. ಓಡಿಹೋಗಲಿಲ್ಲ. ಎದ್ದು ಬಂದು ಅಜ್ಜಿಯನ್ನು ಹೊರಗಿನ ಹೊಂಗೆಮರದ ಕಟ್ಟೆಯ ಮೇಲೆ ಕೂರಿಸಿದಳು. ಹರ್ಷವರ್ಧನ ನಾಲ್ಕು ಮಾರು ದೂರದಲ್ಲಿ ಎರಡೂ ಕೈ ಜೇಬಿಗೆ ಹಾಕಿಕೊಂಡು ನಿಂತ.

"ಯಾವಾಗಿಂದ?" ಅಂದಳು ಹೂವಮ್ಮ.

"ಎಂಟು ತಿಂಗಳಾಯ್ತು ಅಜ್ಜಿ. ಬಸ್ಸಿನಾಗೆ, ಸಂತ್ಯಾಗೆ ಒಮ್ಮೊಮ್ಮೆ ಉಸಿರೇ ಬರಲ್ಲ. ಕೈಕಾಲು ತಣ್ಣಗಾಗ್ತಾವೆ. ಸತ್ತೇ ಹೋಗ್ತೀನಿ ಅನ್ಸುತ್ತೆ."

"ಎದೆ ಹೊಡ್ಕಳ್ಳುತ್ತಾ? ಗಂಟಲಾಗೆ ಏನೋ ಸಿಕ್ಕಂಡಂಗೆ?"

"ಹೌದು."

"ಮನೇಲಿ ಯಾಕೆ ಹೇಳಿಲ್ಲ? ನಂಗಾದ್ರೂ ಹೇಳಬೇಕಿತ್ತು."

ಸ್ಪಂದನ ತಲೆ ಎತ್ತಲಿಲ್ಲ. "ನಿನ್ನ ನೋಡಿ ಎಲ್ರೂ ನಗ್ತಾರಲ್ಲ ಅಜ್ಜಿ. ಟೆನ್ಶನ್ ಪಾರ್ಟಿ ಅಂತ ಹೆಸರಿಟ್ಟೋಳೇ ನಾನು. ಆಮೇಲೆ ನಂಗೂ ಅದೇ ಬಂತು. ಯಾವ ಮುಖ ಇಟ್ಕಂಡು ಹೇಳ್ಲಿ?"

ಹೂವಮ್ಮನಿಗೆ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ. ಇಷ್ಟು ವರ್ಷ ಅವಳು ಇದನ್ನು ತನ್ನೊಬ್ಬಳ ಕೆಟ್ಟ ಗುಣ ಅಂದುಕೊಂಡಿದ್ದಳು. ಇದಕ್ಕೊಂದು ಬೆಂಚು, ಒಂದು ಚೀಟಿ, ಒಬ್ಬ ಡಾಕ್ಟರು ಇದ್ದಾರೆ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ.

"ಇವನು?" ಅಂದಳು ಮೂಗು ಒರೆಸಿಕೊಂಡು.

"ಇವರಿಗೆ ಜನ ನೋಡಿದ್ರೆ ಕೈ ನಡುಗುತ್ತೆ. ನಾನು ಮೊದಲನೇ ಸಲ ಬಂದಾಗ ಈ ವರಾಂಡದಾಗೆ ಉಸಿರು ಸಿಗದೆ ಕೂತಿದ್ದೆ. ಇವ್ರು ನೀರು ತಂದ್ಕೊಟ್ರು. ಕೈ ನಡುಗಿ ಅರ್ಧ ನೀರು ನನ್ನ ಮೇಲೇ ಚೆಲ್ತು. ನಂಗೆ ನಗು ಬಂತು. ನಗು ಬಂದ್ಮೇಲೆ ಉಸಿರು ಬಂತು." ಸ್ಪಂದನ ಹುಡುಗನ ಕಡೆ ನೋಡಿ ಹೇಳಿದಳು, "ಪರಮಶಿವಪ್ಪಂಗೆ ಹೇಳ್ಸಿದ್ದು ನಾವೇ ಅಜ್ಜಿ."

ಸುನಿತಾ ಅಲ್ಲಿಯವರೆಗೆ ಸುಮ್ಮನಿದ್ದವಳು ನೇರವಾಗಿ ಹುಡುಗನ ಹತ್ತಿರ ಹೋದಳು. "ಕುಡಿತೀಯಾ?"

"ಇಲ್ಲ ಅಕ್ಕ."

"ಉಸಿರು ಬಿಡು."

ಅವನು ಬಿಟ್ಟ. ಸುನಿತಾ ಹನ್ನೊಂದು ವರ್ಷ ಆ ವಾಸನೆಯ ಜೊತೆ ಬದುಕಿದವಳು. ಅಮ್ಮನ ಕಡೆ ತಿರುಗಿ, "ಹುರಿಗಡ್ಲೆ" ಅಂದಳು.

ಹೂವಮ್ಮ ಕಣ್ಣೊರೆಸಿಕೊಂಡು ಹುಡುಗನನ್ನು ಕರೆದಳು.

"ನಿಮ್ಮಪ್ಪಂಗೆ ಗೊತ್ತಾ?"

"ಇಲ್ಲ ಅಜ್ಜಿ. ಅಪ್ಪನಿಗೆ ಹೇಳಕ್ಕೆ ಹೋದ್ರೇ ನಡುಕ ಬರ್ತದೆ."

"ಸುನಿತಂಗೆ ಮುಚ್ಚಿಟ್ಟು ಹಾಳು ಮಾಡಿದ್ರು. ನಮ್ಮನೇಲಿ ಇನ್ನೊಂದು ಮದುವೆ ಮುಚ್ಚಿಟ್ಟು ಆಗಬಾರ್ದು. ಚಕ್ಲಿಗಿಕ್ಲಿ ನಾನು ಲೆಕ್ಕಕ್ಕೆ ಇಟ್ಕಳ್ಳಲ್ಲ. ನಿಮ್ಮನೇಲಿ ಎಲೆ ಹಾಕ್ಸು, ನಾವು ಬರ್ತೀವಿ. ಎಲ್ರ ಮುಂದೆ ನೀನೇ ಹೇಳ್ಬೇಕು. ಹೇಳಿದ್ರೆ ಉಣ್ತೀನಿ. ಇಲ್ಲಾಂದ್ರೆ ಎದ್ದು ಬರ್ತೀನಿ, ಸಂಬಂಧ ಅಲ್ಲಿಗೆ ಮುಗೀತು." ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ನಿಮ್ಮಪ್ಪ ಅಮ್ಮಂಗೆ ನಿಂದು ನೀನು ಹೇಳು. ಅವಂದು ಅವನು ಹೇಳ್ಕಳ್ಳಲಿ."

ಸ್ಪಂದನ ಹೇಳಲು ಹತ್ತು ದಿನ ತೆಗೆದುಕೊಂಡಳು. ಆ ಹತ್ತು ದಿನ ಹೂವಮ್ಮ ಬಾಯಿ ಬಿಡಲಿಲ್ಲ. ಯಾರೂ ಏನೂ ಹೇಳದ ಹೆಂಗಸಿಗೆ ಈಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅವಳು ಸುಮ್ಮನಿದ್ದದ್ದು ನೋಡಿ ಹುಚ್ಚರಾಯಪ್ಪನಿಗೇ ಅನುಮಾನ ಬಂತು.

"ಏನೇ, ಹುಷಾರಿಲ್ವಾ? ಚಕ್ಲಿ ಬಗ್ಗೆ ಬೈದು ವಾರ ಆಯ್ತು."

"ಬೈಸ್ಕಳ್ಳೋಕೆ ಆಸೆನಾ?"

ಸೊರಬದಿಂದ ಊಟಕ್ಕೆ ಕರೆ ಬಂದು, ನಾಳೆ ಹೊರಡಬೇಕು ಅನ್ನುವ ಸಂಜೆ ಶ್ರೀಲತಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಶಿವರಾಮ ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಬಿಸಿಬಿಸಿ ತಿನ್ನುತ್ತಿದ್ದ. ಸ್ಪಂದನ ಬಾಗಿಲ ಹತ್ತಿರ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಸ್ಪತ್ರೆ, ಮಾತ್ರೆ, ಎಂಟು ತಿಂಗಳು, ಎಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಿಕಾಯಿತು.

"ಹುಚ್ಚು ಹಿಡಿದೋರು ಹೋಗೋ ಜಾಗ ಅದು" ಅಂದ ಶಿವರಾಮ.

"ನಂಗೆ ಹುಚ್ಚು ಹಿಡಿದಿಲ್ಲಪ್ಪ."

"ಮತ್ಯಾಕೆ ಹೋದೆ? ಮನೇಲಿ ಏನು ಕಡ್ಮೆ ಮಾಡಿದ್ವಿ?"

"ಜ್ವರ ಬಂದ್ರೆ ಆಸ್ಪತ್ರೆಗೆ ಹೋಗಲ್ವಾ, ಹಂಗೇ ಹೋದೆ."

ಶ್ರೀಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಚಿಂತೆಯೇ ಬೇರೆ. "ಸೊರಬದವ್ರಿಗೆ ಗೊತ್ತಾದ್ರೆ ಏನು ಗತಿ? ಊಟಕ್ಕೆ ಕರೆದೋರು ಬಾಗ್ಲು ಹಾಕ್ತಾರೆ."

"ಗೊತ್ತಾಗೋದು ಬೇಡ" ಅಂದ ಶಿವರಾಮ. "ಅವ್ವಾ, ನಿಂಗೂ ಹೇಳ್ತಿದೀನಿ. ನಾಳೆ ಅಲ್ಲಿ ಯಾರೂ ಬಾಯಿ ಬಿಡಬಾರ್ದು. ಮದುವೆ ಆದ್ಮೇಲೆ ನೋಡ್ಕಳ್ಳಣ."

ಹೂವಮ್ಮ ನಡುಮನೆಯಲ್ಲಿ ಮಿಷನ್ನಿನ ಮುಂದೆ ಕೂತಿದ್ದ ಸುನಿತಾಳನ್ನು ನೋಡಿದಳು. ಸುನಿತಾ ಅವಳನ್ನು ನೋಡಿದಳು. ಅಳಿಯನ ಮನೆಯವರೂ ಇಪ್ಪತ್ತು ವರ್ಷದ ಹಿಂದೆ ಇದೇ ಮಾತು ಆಡಿಕೊಂಡಿರಬೇಕು ಅಂತ ಇಬ್ಬರಿಗೂ ಅನ್ನಿಸಿತು.

"ಆ ಹುಡುಗನ ಕೈ ನಡುಗೋದು ಮಾತ್ರ ಅನುಮಾನ ಐತೆ" ಅಂತ ಶಿವರಾಮ ಸೇರಿಸಿದ. "ಅದನ್ನ ಸರಿಯಾಗಿ ವಿಚಾರಿಸ್ಬೇಕು."

ಹೂವಮ್ಮ ಕರಿಕಾದ ರೊಟ್ಟಿಯನ್ನು ಹೆಂಚಿನಿಂದ ತೆಗೆದು ಅವನ ತಟ್ಟೆಗೆ ಹಾಕಿದಳು.

ಸೊರಬದ ಮನೆಯ ನಡುಮನೆಯಲ್ಲಿ ಬಾಳೆಎಲೆ ಹಾಕಿದ್ದರು. ಸ್ಪಂದನ ಊರಲ್ಲೇ ಉಳಿದಿದ್ದಳು. ಹೆಣ್ಣು ಈ ಊಟಕ್ಕೆ ಬರುವಂತಿಲ್ಲ. ಕೆಂಪಪ್ಪನ ಹಿರಿಯಕ್ಕ ದುರುಗಮ್ಮ ಪದ್ಧತಿಯ ಮೇಲ್ವಿಚಾರಣೆಗೆ ಅಂತಲೇ ಬಾಗಿಲ ಹತ್ತಿರ ಕೂತಿದ್ದಳು. ಹೆಣ್ಣಿನ ಕಡೆ ಹಿರಿಯರ ಎಲೆಗೆ ಗಂಡೇ ಉಪ್ಪು ಬಡಿಸಬೇಕು. ಉಪ್ಪು ಬಿದ್ದ ಮೇಲೆ ಮಿಕ್ಕಿದ್ದು.

ಹರ್ಷವರ್ಧನ ಉಪ್ಪಿನ ಬಟ್ಟಲು, ಚಮಚ ಹಿಡಿದು ಒಳಗಿನಿಂದ ಬಂದ. ಚಮಚ ಬಟ್ಟಲಿಗೆ ತಾಗಿ ಟಿಣಿಟಿಣಿ ಸದ್ದಾಗುತ್ತಿತ್ತು. ಮಾತಾಡುತ್ತಿದ್ದವರೆಲ್ಲ ನಿಲ್ಲಿಸಿದರು. ಅವನು ಹೂವಮ್ಮನ ಎಲೆಯ ಮುಂದೆ ನಿಂತ. ಬಾಯಿ ತೆರೆದ. ಮಾತು ಬರಲಿಲ್ಲ.

"ಬಡ್ಸಾ, ಅನ್ನ ಆರ್ತದೆ" ಅಂದಳು ದುರುಗಮ್ಮ.

ಹೂವಮ್ಮ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವನ ಮುಖವನ್ನೇ ನೋಡಿದಳು. ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇವನು ಹೇಳದಿದ್ದರೆ ತಾನು ಏಳಬೇಕು. ಎದ್ದರೆ ಮನೆಯಲ್ಲಿ ಕಾಯುತ್ತಿರುವ ಹುಡುಗಿಗೆ ಏನು ಹೇಳಬೇಕು? ಅವಳು ಒಂದು ಕೈ ನೆಲಕ್ಕೆ ಊರಿದಳು.

"ಒಂದು ಮಾತು" ಅಂದ ಹರ್ಷವರ್ಧನ. ದನಿಯೂ ನಡುಗುತ್ತಿತ್ತು. "ನನ್ನ ಕೈ ನಡುಗ್ತದೆ. ಜನರ ಮುಂದೆ ಬಂದ್ರೆ ನಡುಗ್ತದೆ. ಅದಕ್ಕೆ ಮಂಗಳವಾರ ಶಿರಾಳಕೊಪ್ಪದಲ್ಲಿ ಡಾಕ್ಟ್ರ ಹತ್ರ ಹೋಗ್ತೀನಿ, ಮಾತ್ರೆ ತಗಳ್ತೀನಿ. ಒಂದು ವರ್ಷ ಆಯ್ತು. ಅಪ್ಪನಿಗೂ ಹೇಳಿರಲಿಲ್ಲ."

ಕೆಂಪಪ್ಪನ ಮುಖ ಕೆಂಪಾಯಿತು. "ಎಂತ ಮಾತಾಡ್ತಿದೀಯ ಮಾರಾಯಾ, ಬೀಗರ ಮುಂದೆ" ಅಂದ. ಆಮೇಲೆ ಶಿವರಾಮನಿಗೆ ಕೈ ಮುಗಿದ. "ನಂಗೆ ಸತ್ಯವಾಗ್ಲೂ ಗೊತ್ತಿರಲಿಲ್ಲ. ನೀವು ಎದ್ದು ಹೋದ್ರೂ ನಾ ಬೇಜಾರು ಮಾಡ್ಕಳಲ್ಲ."

ಶಿವರಾಮ ಹೆಂಡತಿಯ ಮುಖ ನೋಡಿದ. ನಿನ್ನೆಯಿಂದ ಅವನು ಹೊತ್ತುಕೊಂಡು ಬಂದಿದ್ದ ಭಯವನ್ನೇ ಎದುರಿನವನು ಕೈ ಮುಗಿದು ಹೇಳುತ್ತಿದ್ದ. ಬಾಯಿ ಬಿಡಬಾರದು ಅಂತ ಎಲ್ಲರಿಗೂ ಹೇಳಿದ್ದವನಿಗೆ ಈಗ ಬಿಡಬೇಕೆಂದರೂ ಬಾಯಿ ಬರಲಿಲ್ಲ.

"ಕೂತ್ಕಳ್ರಿ ಕೆಂಪಪ್ಪನೋರೆ" ಅಂದಳು ಹೂವಮ್ಮ. "ಯಾರೂ ಎದ್ದು ಹೋಗಲ್ಲ. ನಮ್ಮನೇಲೂ ಇಬ್ರು ಇದೀವಿ."

"ಇಬ್ರು ಅಂದ್ರೆ?" ಅಂತ ದುರುಗಮ್ಮ ಕೇಳಿದಳು.

"ಮೊಮ್ಮಗಳು ಒಬ್ಬಳು. ಅವಳೂ ಅದೇ ಡಾಕ್ಟ್ರ ಹತ್ರ ಹೋಗ್ತಾಳೆ. ನಿಮ್ಗೆ ಬೇಡಾಂದ್ರೆ ಈಗ್ಲೇ ಹೇಳ್ಬಿಡ್ರಿ, ಉಪ್ಪು ಬೀಳೋಕೆ ಮುಂಚೆ. ಇನ್ನೊಬ್ಬಳು ನಾನು. ನಾನಿನ್ನೂ ಚೀಟಿ ಮಾಡ್ಸಿಲ್ಲ."

ಹುಚ್ಚರಾಯಪ್ಪ ಹೆ, ಹೆ ಅಂತ ನಗಲು ಹೋಗಿ ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ನಲವತ್ತೆಂಟು ವರ್ಷದಲ್ಲಿ ಅವಳ ಗಾಬರಿಗೆ ಅವನು ನಗದೆ ಇದ್ದದ್ದು ಇದೇ ಮೊದಲು.

ದುರುಗಮ್ಮ ಬಾಯಲ್ಲಿದ್ದ ಎಲೆಅಡಿಕೆ ಕವಳ ಜಗಿದಳು. ತಮ್ಮನ ಕಡೆ ನೋಡಿದಳು. ಕೆಂಪಪ್ಪ ಮಗನ ಕಡೆ ನೋಡುತ್ತಿದ್ದ. ಅಷ್ಟು ದೊಡ್ಡ ಹುಡುಗ ಉಪ್ಪಿನ ಬಟ್ಟಲು ಹಿಡಿದು ಅಳುತ್ತಾ ನಿಂತದ್ದು ಅವನು ಯಾವತ್ತೂ ನೋಡಿರಲಿಲ್ಲ.

"ಬಡ್ಸು ಮಗ" ಅಂದ ಕೆಂಪಪ್ಪ.

ಹರ್ಷವರ್ಧನ ಬಗ್ಗಿದ. ಕೈ ಹಾರಿ ಚಮಚದ ತುಂಬ ಇದ್ದ ಉಪ್ಪು ಎಲೆಯ ತುದಿಗೆ ಬೀಳುವ ಬದಲು ನಡುವಿಗೆ ಬಿದ್ದು ಚದುರಿತು. ಅದರ ಮೇಲೆಯೇ ಅನ್ನ ಬಿತ್ತು, ಸಾರು ಬಿತ್ತು.

"ಅತ್ತೆ, ಉಪ್ಪು ಭಾಳ ಬಿದ್ದೈತೆ, ಬದಿಗೆ ಸರಿಸ್ರಿ" ಅಂತ ಶ್ರೀಲತಾ ಪಿಸುಗುಟ್ಟಿದಳು.

ಹೂವಮ್ಮ ಸರಿಸಲಿಲ್ಲ. ಎಲ್ಲವನ್ನೂ ಸೇರಿಸಿ ಕಲಸಿದಳು. ತುತ್ತು ಎತ್ತುವಾಗ ಅವಳ ಕೈಯೂ ನಡುಗಿ ನಾಲ್ಕು ಅಗುಳು ಮಡಿಲಿಗೆ ಬಿದ್ದವು. ಎಲ್ಲರೂ ನೋಡುತ್ತಿದ್ದರು. ಅವಳು ಮುಚ್ಚಿಕೊಳ್ಳಲಿಲ್ಲ. ತುತ್ತು ಬಾಯಿಗಿಟ್ಟು ಅಗಿದು ನುಂಗಿದಳು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು.

"ಜಾಸ್ತಿ ಆಯ್ತಾ ಅಜ್ಜಿ?" ಅಂದ ಹರ್ಷವರ್ಧನ.

"ಸರಿಯಾಗೈತೆ" ಅಂದಳು ಹೂವಮ್ಮ. "ಒಂದು ಲೋಟ ನೀರು ತಗಂಡು ಬಾ ಮಗ. ಅರ್ಧ ಚೆಲ್ಲಿದ್ರೂ ಅಡ್ಡಿಲ್ಲ."